ವೈನಿಯ ತಾಂಬಿ, ನನ್ನ ಬಾಯಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ವೈನಿಯ ಗುಟ್ಟನ್ನು ಹದಿನಾಲ್ಕು ಮಂದಿ ಮುತ್ತೈದೆಯರ ಮುಂದೆ ಒಡೆದವನು ನಾನೇ. ಯಾರೂ ಹೊಡೆದು ಬಾಯಿ ಬಿಡಿಸಲಿಲ್ಲ. "ಇನ್ನೊಂದು ಮಾಡೋ, ಇನ್ನೊಂದ" ಅಂದರು, ಮಾಡಿದೆ. ಚಪ್ಪಾಳೆ ಬೇಕಾಗಿತ್ತು. ಅದೂ ಅರ್ಧಕ್ಕೇ ನಿಂತುಹೋಯಿತು.

ವೈನಿ ಅಂದರೆ ಅಣ್ಣನ ಹೆಂಡತಿ. ನಮ್ಮ ಬಾಗಲಕೋಟೆ ಕಡೆ ಅತ್ತಿಗೆಯನ್ನು ಹಾಗೆಯೇ ಕರೆಯುವುದು. ಪುಣೆಗೆ ಬಂದು ಮೂವತ್ತು ವರ್ಷವಾದರೂ ಮನೆಯೊಳಗೆ ಆ ಕಡೆಯ ಕನ್ನಡವೇ. ಚಪ್ಪಲಿ ಮೆಟ್ಟಿ ಹೊಸಿಲು ದಾಟಿದೊಡನೆ ಮರಾಠಿ. ಧನಕವಡಿಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ, ಅವ್ವ, ಅಣ್ಣ, ವೈನಿ, ಅವರ ಇಬ್ಬರು ಹೆಣ್ಣುಮಕ್ಕಳು ಮತ್ತು ನಾನು. ಅಣ್ಣ ಶಿವಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ನಾನು ಬಿ.ಎಸ್ಸಿ. ಮುಗಿಸಿ, ಕೆಲಸ ಹುಡುಕುತ್ತಿದ್ದೇನೆಂದು ಕಂಡಕಂಡವರಿಗೆ ಹೇಳುತ್ತ, ಅವರ ದನಿ ಕದಿಯುತ್ತ ಓಡಾಡಿಕೊಂಡಿದ್ದವನು. ಬಸ್ ಕಂಡಕ್ಟರನ ಕೂಗು, ಸೊಸೈಟಿ ಸೆಕ್ರೆಟರಿಯ ಕೆಮ್ಮು, ಮೇಲಧಿಕಾರಿಯ ಫೋನು ಬಂದಾಗ ಅಣ್ಣನಿಗೆ ಬರುವ ಮೂಗುದನಿ, ಎಲ್ಲವೂ ನನ್ನ ಗಂಟಲಲ್ಲಿವೆ. ಕೆಲಸದ ಸಂದರ್ಶನಗಳಲ್ಲಿ ಇದೇ ತೊಂದರೆ. ಎದುರಿಗೆ ಕೂತವರು ಹೇಗೆ ಕೇಳುತ್ತಾರೋ ಉತ್ತರ ಹಾಗೆಯೇ ಹೊರಡುತ್ತದೆ, ಅವರು ಮುಖ ಮುಖ ನೋಡಿಕೊಳ್ಳುತ್ತಾರೆ, ನಾನು ಮುಂದಿನ ಬಸ್ಸು ಹಿಡಿಯುತ್ತೇನೆ.

ವೈನಿಗೆ ಎರಡನೆಯ ಹೆರಿಗೆಯಾದಾಗ ಮೊದಲನೆಯವಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಆಮೇಲೆ ವೈನಿ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಗೆ ಬಂದು ಕೂತುಬಿಡುತ್ತಿದ್ದಳು. ಸೋಮಾರಿತನ ಅಂದುಕೊಂಡೆವು. ನಾನಂತೂ ಅವಳು ಏದುಸಿರು ಬಿಡುವುದನ್ನೂ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದ್ದೆ. ಸರಕಾರಿ ದವಾಖಾನೆಯಲ್ಲಿ ರಕ್ತ ನೋಡಿದರೆ ಹಿಮೋಗ್ಲೋಬಿನ್ ಎಂಟೂ ಇರಲಿಲ್ಲ. ಗುಳಿಗೆ ಕೊಟ್ಟು, ಇನ್ನು ಮೂರು ವರ್ಷ ಬಸಿರು ಬೇಡವೇ ಬೇಡ, ಏನಾದರೂ ವ್ಯವಸ್ಥೆ ಮಾಡಿಕೋ ಅಂದರಂತೆ. ಅಷ್ಟು ಅವಳಿಗೆ ತಿಳಿಯಿತು. ಏನು ವ್ಯವಸ್ಥೆ ಅನ್ನುವುದು ತಿಳಿಯಲಿಲ್ಲ. ಅಲ್ಲಿಯ ಸಿಸ್ಟರ್‌ಬಾಯಿಯ ಮರಾಠಿ ಎಕ್ಸ್‌ಪ್ರೆಸ್ ಗಾಡಿ. ವೈನಿಗೆ ಬರುವುದು ಕೊತ್ತಂಬರಿ ಕೊಳ್ಳುವಷ್ಟು ಮರಾಠಿ.

ಅಣ್ಣ ನನ್ನನ್ನು ಬಾಲ್ಕನಿಗೆ ಕರೆದ.

"ನಾಳೆ ನಿಮ್ಮ ವೈನಿ ಜೋಡಿ ದವಾಖಾನಿಗೆ ಹೋಗು. ಸಿಸ್ಟರ್ ಏನಂತಾರ, ಕನ್ನಡದಾಗ ಹೇಳು."

"ನೀ ಯಾಕ ಹೋಗವಲ್ಲಿ?"

"ನನಗ ಆಫೀಸ್ ಅದ. ನಿನಗ ಏನದ? ಮತ್ತ ಅವ್ವಗ ಹೇಳಬ್ಯಾಡ. ಕೇಳಿದ್ರ ರಕ್ತದ ಗುಳಿಗಿ ತರಾಕ ಹೊಂಟೀವಿ ಅನ್ನು."

ಹೀಗೆ ನಾನು ವೈನಿಯ ದುಭಾಷಿಯಾದೆ. ನನ್ನ ಮೊದಲ ನೌಕರಿ, ಸಂಬಳವಿಲ್ಲ.

ಸಿಸ್ಟರ್‌ಬಾಯಿ ಐವತ್ತರ ಆಸುಪಾಸಿನ ಹೆಂಗಸು. ಪೆನ್ನನ್ನು ತುರುಬಿನಲ್ಲಿ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವವರು. ರಿಜಿಸ್ಟರು ತೆರೆದು ಕೇಳತೊಡಗಿದರು. ಮುಟ್ಟು ಕೊನೆಗೆ ಯಾವಾಗ ಬಂತು? ಎಷ್ಟು ದಿನ ಇರುತ್ತದೆ? ದಿನಕ್ಕೆ ಎಷ್ಟು ಬಟ್ಟೆ? ಗಂಟು ಗಂಟಾಗಿ ಹೋಗುತ್ತದೆಯೋ? ನಾನು ವೈನಿಯ ಕಡೆ ತಿರುಗಿದೆ. ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಹತ್ತನೇ ತರಗತಿಯಲ್ಲಿ ಗರ್ಭಕೋಶದ ಚಿತ್ರ ಬರೆದು, ಬಾಣದ ಗುರುತು ಹಾಕಿ, ಐದಕ್ಕೆ ಐದು ಅಂಕ ತೆಗೆದುಕೊಂಡವನು ನಾನು. ಆ ಬಾಣದ ಗುರುತುಗಳೆಲ್ಲ ನಮ್ಮ ಮನೆಯ ಹೆಂಗಸರ ಒಳಗೂ ಇವೆ ಅನ್ನುವುದು ಆ ಬೆಂಚಿನ ಮೇಲೆ ಕೂತಾಗಲೇ ತಲೆಗೆ ಹೋದದ್ದು.

"ಲಾಜೂ ನಕೋಸ್ ರೇ" ಅಂದರು ಸಿಸ್ಟರ್, "ತುಲಾಹೀ ಬಾಯೀನೇಚ್ ಜನ್ಮ ದಿಲಾಯ್." ನಾಚಬೇಡವೋ, ನಿನ್ನನ್ನೂ ಹೆತ್ತವಳು ಹೆಂಗಸೇ ಅಂತ.

ಆಗ ಒಂದು ಉಪಾಯ ಹೊಳೆಯಿತು. ನನ್ನ ದನಿಯಲ್ಲಿ ಕೇಳಿದರೆ ತಾನೇ ನಾಚಿಕೆ? ಸಿಸ್ಟರರ ದನಿಯಲ್ಲೇ ಕನ್ನಡದಲ್ಲಿ ಕೇಳಿದೆ, ಅದೇ ಗಡಸು, ಅದೇ ಓಟ: "ಎಷ್ಟ ದಿನಾ ಇರ್ತದವಾ? ಬಟ್ಟಿ ಎಷ್ಟ ಬೇಕಾಗ್ತಾವ?" ವೈನಿ ಬೆಚ್ಚಿಬಿದ್ದಳು, ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ಆಮೇಲೆ ಉತ್ತರ ಕೊಟ್ಟಳು. ಅವಳ ಉತ್ತರಗಳನ್ನು ಅವಳ ದನಿಯಲ್ಲೇ ಮರಾಠಿಗೆ ಹಾಕಿದೆ. ಅಲ್ಲಿಗೆ ಕೇಳಿದವರು ಸಿಸ್ಟರ್, ಹೇಳಿದವಳು ವೈನಿ; ನಾನು ಕೋಣೆಯಲ್ಲೇ ಇಲ್ಲ. ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಇದೇ ಜಾಣತನ ಮುಂದೆ ಎಲ್ಲಿಗೆ ಒಯ್ಯುತ್ತದೆ ಅಂತ ಆಗ ಗೊತ್ತಿರಲಿಲ್ಲ.

ನಾಚಿಕೆ ಹೋದ ಜಾಗದಲ್ಲಿ ಕುತೂಹಲ ಬಂದು ಕೂತಿತು. ಮೇಜಿನ ಮೇಲೆ ಗಾಜಿನ ಡಬ್ಬಿಯಲ್ಲಿ ಒಂದು ಮಾದರಿ ಇತ್ತು: ಹೆಬ್ಬೆರಳಿನಷ್ಟೂ ಉದ್ದವಿಲ್ಲದ ಬಿಳಿ ಪ್ಲಾಸ್ಟಿಕ್ಕಿನ ಟಿ, ಅದರ ಕಾಲಿಗೆ ಸುತ್ತಿದ ತಾಮ್ರದ ತಂತಿ, ಕೆಳಗೆ ಎರಡು ದಾರದ ಎಳೆ. ಆಸ್ಪತ್ರೆಯವರು ಕಾಪರ್-ಟಿ ಅನ್ನುವ ಇದಕ್ಕೆ ಪುಣೆಯ ಹೆಂಗಸರು ತಾಂಬಿ ಅನ್ನುತ್ತಾರೆ. ಕೈಯಲ್ಲಿ ಹಿಡಿದು ನೋಡಿದೆ. ಇಷ್ಟೇನಾ? ಚುಚ್ಚುವುದಿಲ್ಲವೇ? ತೆಗೆಸಿದ ಮೇಲೆ ಮಕ್ಕಳಾಗುತ್ತವೆಯೇ? ದಾರ ಯಾಕೆ? ವೈನಿ ಒಂದು ಕೇಳಿದರೆ ನಾನು ಅದಕ್ಕೆ ಮೂರು ಸೇರಿಸಿ ಕೇಳಿದೆ. ಬೇಕೆಂದಾಗ ತೆಗೆಯಬಹುದು, ತೆಗೆದರೆ ಮತ್ತೆ ಬಸಿರಾಗಬಹುದು, ದಾರ ಇರುವುದು ಅದು ತನ್ನ ಜಾಗದಲ್ಲೇ ಇದೆಯೋ ಅಂತ ನೋಡುವುದಕ್ಕೆ ಮತ್ತು ತೆಗೆಯುವಾಗ ಹಿಡಿದೆಳೆಯುವುದಕ್ಕೆ ಅಂತ ಸಿಸ್ಟರ್ ತಾಳ್ಮೆಯಿಂದ ಹೇಳಿದರು. ಕೊನೆಗೆ, "ತಾಂಬಿ ಇವಳಿಗೋ ನಿನಗೋ?" ಅಂದರು.

ನಾನು ಕೂತ ಬೆಂಚಿನ ಮೇಲುಗಡೆ ಗಂಡಸರ ಆಪರೇಷನ್ನಿನ ಪೋಸ್ಟರಿತ್ತು. ಹೊಲಿಗೆಯಿಲ್ಲ, ಅರ್ಧ ಗಂಟೆಯ ಕೆಲಸ ಅಂತ ಬರೆದಿತ್ತು. ಆ ಬೆಂಚೊಂದೇ ಖಾಲಿ ಇದ್ದದ್ದು ಯಾಕೆಂದು ಆಗ ಅರ್ಥವಾಯಿತು. ಮನೆಗೆ ಬಂದು ಅಣ್ಣನಿಗೆ ಈ ಪೋಸ್ಟರಿನ ಸುದ್ದಿ ಹೇಳಿದೆ, ಮಾಹಿತಿಗಾಗಿ ಅಷ್ಟೇ. ಚಹಾ ಅವನ ಮೂಗಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, "ನನಗ ಆಫೀಸ್ನ್ಯಾಗ ರಜಾ ಎಲ್ಲದ?" ಅಂದ. ಅರ್ಧ ಗಂಟೆಗೆ!

ಎರಡು ತಿಂಗಳು ಗುಳಿಗೆ ನುಂಗಿ ರಕ್ತ ಸ್ವಲ್ಪ ಏರಿದ ಮೇಲೆ ವೈನಿ ತಾಂಬಿ ಹಾಕಿಸಿಕೊಂಡಳು. ಮುಂದಿನ ತಿಂಗಳು ದಾರ ತೋರಿಸಿ ಬಂದಳು. ಎಲ್ಲ ಸರಿಯಾಗಿತ್ತು. ಅವ್ವನಿಗೆ ಗೊತ್ತಿರಲಿಲ್ಲ. ಮೂರನೆಯದು ಗಂಡಾಗಲಿ ಅಂತ ಅವ್ವ ಸೋಮವಾರ ಒಪ್ಪತ್ತು ಮಾಡುತ್ತಿದ್ದಳು. ಅದನ್ನು ನೋಡಿ ಅಣ್ಣ, ವೈನಿ, ನಾನು, ಮೂವರೂ ತಟ್ಟೆಯೊಳಗೆ ತಲೆ ಹಾಕಿ ಉಣ್ಣುತ್ತಿದ್ದೆವು.

ಸಂಕ್ರಾಂತಿ ಬಂತು. ಪುಣೆಯಲ್ಲಿ ಸಂಕ್ರಾಂತಿಯ ಹಿಂದೆಯೇ ಅರಿಷಿಣ-ಕುಂಕುಮದ ಸಾಲು ಶುರು. ಇಂದು ಇವರ ಮನೆ, ನಾಳೆ ಅವರ ಮನೆ. ಮುತ್ತೈದೆಯರು ಸೇರಿ ಎಳ್ಳು-ಬೆಲ್ಲದುಂಡೆ ಹಂಚಿ, ಒಂದೊಂದು ಸಣ್ಣ ಸಾಮಾನು ಉಡುಗೊರೆ ಕೊಟ್ಟು ಕಳಿಸುತ್ತಾರೆ. ನಮ್ಮ ಮನೆಯ ಸರದಿಗೆ ವೈನಿಯ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳಲು ಹದಿನಾಲ್ಕು ಮಂದಿ ಬಂದಿದ್ದರು. ಅರ್ಧ ಕನ್ನಡದವರು, ಅರ್ಧ ಮರಾಠಿಯವರು. ಭೋರ್‌ನಿಂದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಮುಂಜಾನೆಯ ಬಸ್ಸಿಗೇ ಬಂದಿಳಿದಿದ್ದಳು. ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ಆದರೆ ಅವ್ವನಿಗೆ ನನ್ನನ್ನು ತೋರಿಸಿಕೊಳ್ಳುವ ಚಪಲ.

"ಬಾರೋ, ಸೆಕ್ರೆಟರಿ ಮಾಡಿ ತೋರಿಸು."

ಸೆಕ್ರೆಟರಿ ಮಾಡಿದೆ. ಕಂಡಕ್ಟರ್ ಮಾಡಿದೆ. ದೊಡ್ಡವ್ವನನ್ನು ಅವಳೆದುರಿಗೇ ಮಾಡಿದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಂದು, ಇನ್ನೊಂದು. ಚೀಲದಲ್ಲಿದ್ದ ದನಿಗಳು ಮುಗಿದವು. ತಳದಲ್ಲಿ ಹೊಸದೊಂದು ಉಳಿದಿತ್ತು, ಯಾರೂ ಕೇಳದ್ದು. ಹೆಸರು ಹೇಳದಿದ್ದರಾಯಿತು, ಯಾರಿಗೆ ತಿಳಿಯುತ್ತದೆ ಅಂದುಕೊಂಡು ತುರುಬಿಗೆ ಪೆನ್ನು ಸಿಕ್ಕಿಸಿಕೊಂಡಂತೆ ಮಾಡಿ ಶುರುಮಾಡಿದೆ:

"ಕಾಯ ಗ ಬಾಯಿ, ತಾಂಬೀ ಬಸವಲೀಸ್ ನಾ? ಧಾಗಾ ದಾಖವಾಯಲಾ ಯಾಯಚಂ!" ತಾಂಬಿ ಕೂಡಿಸಿಕೊಂಡೆಯಲ್ಲ, ದಾರ ತೋರಿಸಲು ಬರಬೇಕು ಅಂತ. ಮರಾಠಿ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಎಲ್ಲರಿಗೂ ಇಂಥ ಒಬ್ಬ ಸಿಸ್ಟರ್ ಗೊತ್ತು. ಸಿಸ್ಟರ್ ಅಂದ ಮೇಲೆ ಪೇಷಂಟ್ ಬೇಕಲ್ಲ. ಪೇಷಂಟಿನ ಉತ್ತರವನ್ನೂ ಹಾಕಿದೆ.

ಇಲ್ಲೊಂದು ಮಾತು ಹೇಳಬೇಕು. ವೈನಿ ಹೌದು ಅನ್ನುವ ರೀತಿಯೇ ಬೇರೆ. ಬಾಯಲ್ಲಿ ಮಾತಿಲ್ಲ, ಬಿಸಿ ಚಹಾ ಹೀರಿದಂತೆ ಉಸಿರನ್ನು ಒಳಕ್ಕೆಳೆದುಕೊಳ್ಳುತ್ತಾಳೆ, ಅಷ್ಟೇ. ನಾನು ನಕಲು ಮಾಡುವವನು, ಕೇಳಿದ್ದನ್ನು ಕೇಳಿದ ಹಾಗೆ ತೆಗೆಯುವವನು. ಪೇಷಂಟಿಗೆ ಬೇರೆ ಯಾರದೋ ದನಿ ಕೊಡಬೇಕೆಂದು ಹೊಳೆಯಲೇ ಇಲ್ಲ. ಆ ಉಸಿರನ್ನು ಹಾಗೆಯೇ ಎಳೆದೆ.

ದೊಡ್ಡವ್ವನ ನಗೆ ಅಲ್ಲೇ ನಿಂತಿತು.

"ಏ, ನಿಲ್ಲ ನಿಲ್ಲ. ಇದು ನಿನ್ನ ಸೊಸಿ ಅಲ್ಲೇನ?" ಅಂದಳು ಅವ್ವನಿಗೆ.

ಎಲ್ಲರೂ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಎಳ್ಳುಂಡೆಯ ತಟ್ಟೆ ಹಿಡಿದು ವೈನಿ ನಿಂತಿದ್ದಳು.

"ಏನವಾ, ತಾಂಬಿ ಹಾಕಿಸ್ಕೊಂಡೀ ಏನ ನೀನು?"

ವೈನಿಗೆ ಸುಳ್ಳು ಬರುವುದಿಲ್ಲ. ಉಸಿರನ್ನು ಒಳಕ್ಕೆಳೆದುಕೊಂಡಳು.

ಎಷ್ಟು ಹೋಲಿಕೆಯಿತ್ತೆಂದರೆ ಹಿಂದಿನ ಸಾಲಿನಲ್ಲಿ ಒಬ್ಬಾಕೆ ನಾನೇ ಇನ್ನೊಮ್ಮೆ ಮಾಡಿದೆ ಅಂದುಕೊಂಡು ಚಪ್ಪಾಳೆ ಹೊಡೆದಳು.

ಬಂದವರು ಉಡುಗೊರೆಯ ಸ್ಟೀಲ್ ಬಟ್ಟಲು ಹಿಡಿದು ಬೇಗಬೇಗ ಇಳಿದುಹೋದರು. ಅಣ್ಣ ಕಚೇರಿಯಿಂದ ಬಂದು ಬೂಟು ಕಳಚುತ್ತಿದ್ದ. ಅವ್ವ ವೈನಿಯನ್ನು ಕೇಳಿದಳು: "ಯಾರನ್ನ ಕೇಳಿ ಹಾಕಿಸ್ಕೊಂಡಿ?"

ವೈನಿ ಅಣ್ಣನ ಕಡೆ ನೋಡಿದಳು. ಅಣ್ಣ, "ತಾಂಬಿ? ಯಾವ ತಾಂಬಿ? ಯಾವಾಗ?" ಅಂದ. ನಮ್ಮ ಮನೆಯಲ್ಲಿ ನಕಲು ಮಾಡುವವನು ನಾನೊಬ್ಬನೇ ಅಂತ ಜಂಬಪಡುತ್ತಿದ್ದೆ. ಏನೂ ಅರಿಯದವನ ನಕಲನ್ನು ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿಲ್ಲ. ನಾನು ಬಾಯಿ ತೆರೆದೆ. ಬೇಡ ಅಂತ ವೈನಿ ಕಣ್ಣಲ್ಲೇ ಹೇಳಿದಳು. ಮುಚ್ಚಬೇಕಾದಾಗ ಮುಚ್ಚದ ಬಾಯನ್ನು ತೆರೆಯಬೇಕಾದಾಗ ಮುಚ್ಚಿದೆ.

ಅವ್ವ ತೀರ್ಪು ಕೊಟ್ಟಳು. "ಸೋಮವಾರ ಹೋಗಿ ತಗಿಸ್ಕೊಂಡು ಬರೂಣು. ಇನ್ನೊಂದ ಆಗಲಿ, ಅದು ಗಂಡಾಗಲಿ, ಆಮ್ಯಾಲ ನಾನ ಮುಂದ ನಿಂತು ಆಪರೇಶನ್ ಮಾಡಸ್ತೀನಿ. ಅದು ಮ್ಯಾಲ ಏರಿ ಎದಿಯಾಗ ಹೋಗಿ ಕೂಡತದಂತ. ಅಕ್ಕ ಹೇಳ್ಯಾಳ." ನನ್ನ ಕಡೆ ತಿರುಗಿ, "ನೀನೂ ಬರಬೇಕು. ಮೊದಲ ದಾರಿ ತೋರಿಸಿದಾಂವ ನೀನ ಅಲ್ಲ?"

ನಾಲ್ಕು ದಿನ ವೈನಿ ನನ್ನೊಡನೆ ಮಾತಾಡಲಿಲ್ಲ. ರೊಟ್ಟಿ ಬಡಿಸುವಾಗ ಬೇಕೋ ಅಂತಲೂ ಕೇಳಲಿಲ್ಲ, ಸಾಕೋ ಅಂತಲೂ ಕೇಳಲಿಲ್ಲ, ಬೀಳುತ್ತಿದ್ದವು, ತಿನ್ನುತ್ತಿದ್ದೆ. ಐದನೆಯ ದಿನ ಮೆಟ್ಟಿಲ ಮೇಲೆ ಸಿಕ್ಕಳು. ಕಾಯಿಪಲ್ಯದ ಚೀಲ ಪಕ್ಕಕ್ಕಿಟ್ಟು ಎರಡನೇ ಮಹಡಿಯಲ್ಲಿ ಕೂತಿದ್ದಳು. ನಾನೂ ಕೂತೆ.

"ವೈನಿ, ತಪ್ಪಾತ್ರಿ."

"ನಿನ್ನ ದನ್ಯಾಗ ಹೇಳು. ಇದು ನಿಮ್ಮಣ್ಣನ ದನಿ."

ನಿಜ. ಮೇಲಧಿಕಾರಿಗೆ ಹೇಳುವ ಮೂಗುದನಿಯೇ ಬಂದಿತ್ತು. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದೆ. ಅವಳು ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. ಅಷ್ಟರಮಟ್ಟಿಗೆ ಕ್ಷಮೆ.

"ಖರೇ ಹೇಳ್ರಿ ವೈನಿ, ಏನಾಗ್ತದ ನಿಮಗ?"

"ಮುಂಜಾನೆ ಎದ್ದ ಕೂಡಲೆ ಕಣ್ಣ ಮುಂದ ಕರೀ ಪರದೆ ಬೀಳತದ. ಸರೀಲಿ ಅಂತ ಗ್ವಾಡಿ ಹಿಡಕೊಂಡು ನಿಂದರ್ತೀನಿ. ದೊಡ್ಡಾಕಿ ಎತ್ತಿಕೋ ಅಂತಾಳ. ಸಣ್ಣಾಕಿ ಬಗಲಾಗಿರ್ತಾಳ, ಎತ್ತಾಕ ಆಗೂದಿಲ್ಲ. ಮೊನ್ನೆ ಆಕಿ ತನ್ನ ಗೊಂಬಿಗೆ ಹೇಳಾಕತ್ತಿದ್ಲು, ಅವ್ವಗ ಕೈ ಇಲ್ಲಂತ."

ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು.

"ಇನ್ನೊಂದು ಬ್ಯಾಡಂತಿಲ್ಲ ನಾನು. ಈಗ ಬ್ಯಾಡ. ಮೈಯಾಗ ಶಕ್ತಿ ಬಂದ ಮ್ಯಾಲ, ಬೇಕನಿಸಿದ್ರ ನಾನ ಹೋಗಿ ತಗಸ್ತೀನಿ. ಈಗ ತಗಿಸಿ, ಮತ್ತ ಬಸರಾದ್ರ, ಈ ಸಲ ಎದ್ದು ಮನಿಗೆ ಬರ್ತೀನಂತ ನನಗ ಖಾತ್ರಿ ಇಲ್ಲ."

"ಹಿಂಗಂತ ಅವ್ವಗ ಹೇಳ್ರಲಾ."

"ಅತ್ತಿ ಮುಂದ ನನಗ ಬಾಯಿ ಏಳೂದಿಲ್ಲೋ ಮಾರಾಯಾ."

ಸೋಮವಾರ ಅವ್ವ ಮುಂದೆ, ವೈನಿ ನಡುವೆ, ಸಣ್ಣವಳನ್ನು ಎತ್ತಿಕೊಂಡು ನಾನು ಹಿಂದೆ. ಅವ್ವನ ಮರಾಠಿ ಮಾರ್ಕೆಟ್ಟಿನಲ್ಲಿ ಕಲಿತದ್ದು. ಅಪ್ಪಣೆ ಕೊಡುವುದಕ್ಕೆ ಬಹಳ ಚೆನ್ನಾಗಿದೆ. "ಹಿಚೀ ತಾಂಬೀ ಕಾಢಾ" ಅಂದಳು. ಇವಳ ತಾಂಬಿ ತೆಗೆಯಿರಿ ಅಂತ. ಕೊಳೆತ ಟೊಮೆಟೊ ತೆಗೆದು ಬೇರೆ ಹಾಕು ಅನ್ನುವಾಗಿನ ಅದೇ ರಾಗ.

"ಹಿಚೀ ನಾ? ಮಗ ಹಿಲಾ ವಿಚಾರತೇ" ಅಂದರು ಸಿಸ್ಟರ್. ಇವಳದಲ್ಲವೇ, ಹಾಗಾದರೆ ಇವಳನ್ನೇ ಕೇಳುತ್ತೇನೆ.

ನೋವಿದೆಯೇ, ರಕ್ತ ಹೆಚ್ಚು ಹೋಗುತ್ತಿದೆಯೇ, ತೆಗೆಸಬೇಕೆಂದಿದೆಯೇ ಅಂತ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಈ ಸಲ ಯಾವ ದನಿಯೂ ಹಾಕಲಿಲ್ಲ, ಬರೀ ಅರ್ಥ. ವೈನಿ, "ಇಲ್ರಿ. ಇರಲಿ" ಅಂದಳು. ಸಿಸ್ಟರ್ ರಿಜಿಸ್ಟರು ಮುಚ್ಚಿದರು. ಎದೆಗೆ ಏರುತ್ತದೆ ಅನ್ನುವ ಅವ್ವನ ಮಾತಿಗೆ ಗಾಜಿನ ಡಬ್ಬಿ ತೆರೆದು, ಮಾದರಿ ತೋರಿಸಿ, ಅದು ಕೂರುವುದು ಗರ್ಭಕೋಶದಲ್ಲಿ, ಅಲ್ಲಿಂದ ಎದೆಗೆ ದಾರಿಯೇ ಇಲ್ಲ ಅಂತ ವಿವರಿಸಿದರು. ದಾರ ಕೈಗೆ ಸಿಗದಿದ್ದರೆ ಮಾತ್ರ ತಡಮಾಡದೆ ಬಂದು ತೋರಿಸಬೇಕು ಅಂದರು.

ಅವ್ವ ಸಿಸ್ಟರರನ್ನು ಬಿಟ್ಟು ಸೊಸೆಯ ಕಡೆ ತಿರುಗಿದಳು. ಕನ್ನಡಕ್ಕೆ ಬಂದಳು. ಬಾಗಿಲಾಚೆ ಸಾಲಾಗಿ ಕೂತ ಮರಾಠಿ ಹೆಂಗಸರು ಕತ್ತು ಚಾಚಿದರು.

"ಓಣ್ಯಾಗ ಎಲ್ಲಾರೂ ಕೇಳ್ತಾರ ನನಗ, ಮೊಮ್ಮಗ ಎಂದಂತ. ಏನ್ ಹೇಳ್ಲಿ? ನನ್ನ ಸೊಸಿಗೆ ಸುಸ್ತಾಗೇದಂತ ಹೇಳ್ಲೇನ?"

"ಕಾಯ ಮ್ಹಣತಾಯತ?" ಏನಂತಾರೆ ಅಂತ ಸಿಸ್ಟರ್ ನನ್ನನ್ನು ಕೇಳಿದರು. ಹೇಳಿದೆ.

"ನಾವೇನ್ ಹಡದಿಲ್ಲೇನ? ಆಗ ಯಾವ ತಾಂಬಿ ಇತ್ತು, ಯಾವ ಗುಳಿಗಿ ಇತ್ತು? ಐದ ಸಲ ಬಸರಾಗೀನಿ ನಾನು. ಐದು! ಎರಡು ಉಳದ್ವು. ಕೂಸು ಹೋದ ವಾರದೊಳಗ ಎದ್ದು ಕೊಡಾ ಹೊತ್ತೀನಿ, ರೊಟ್ಟಿ ಬಡದೀನಿ. ಏನಾಗೇದ ನನಗ?"

ಮರಾಠಿಗೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿದೆ. ಅಣ್ಣನಿಗೂ ನನಗೂ ಎಂಟು ವರ್ಷದ ಅಂತರ. ಆ ಎಂಟು ವರ್ಷ ಅವ್ವ ಆರಾಮವಾಗಿದ್ದಳೆಂದು ಲೆಕ್ಕ ಹಾಕಿಕೊಂಡಿದ್ದವನು ನಾನು. ಯಾರ ಕೆಮ್ಮು ಹೇಗೆ, ಯಾರ ಉಸಿರು ಹೇಗೆ ಅಂತೆಲ್ಲ ಬಲ್ಲವನಿಗೆ ಇದು ಗೊತ್ತಿರಲಿಲ್ಲ. ಸಿಸ್ಟರ್ ಮತ್ತೆ ಕೇಳಿದರು. "ಪಾಚ್" ಅಂದೆ. ಐದು. ಅವರಿಗೆ ಅಷ್ಟೇ ಸಾಕಾಯಿತು. ಎದ್ದು ಕುರ್ಚಿಯನ್ನು ಅವ್ವನ ಹಿಂದೆ ಸರಿಸಿದರು. ಅವ್ವ ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಕೂತಳು. ಅವಳು ಯಾವಾಗಲೂ ಹಾಗೇ ಕೂರುವುದು. ಅದನ್ನೂ ನಾನು ಎಷ್ಟೋ ಸಲ ಮಾಡಿ ತೋರಿಸಿದ್ದೇನೆ.

ಆಗ ವೈನಿ ಬಾಯಿ ಬಿಟ್ಟಳು, ಒಂದೇ ಮಾತಿಗೆ. ಜೋರಾಗಿ ಅಲ್ಲ, ಜಗಳದ ದನಿಯೂ ಅಲ್ಲ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಳು. ಮನೆಗೆ ಬಂದೆವು. ತಾಂಬಿ ಇವತ್ತಿಗೂ ಅದರ ಜಾಗದಲ್ಲಿದೆ. ದೊಡ್ಡವ್ವ ಫೋನು ಮಾಡಿ ತೆಗೆಸಿದಿರೋ ಇಲ್ಲವೋ ಅಂತ ಕೇಳಿದಾಗ ಅವ್ವ, ಭೋರ್‌ನಲ್ಲಿ ಅಕ್ಕಿಯ ದರ ಹೇಗಿದೆ ಅಂತ ಕೇಳಿದಳು. ವೈನಿ ಏನಂದಳೆಂದು ಸಿಸ್ಟರ್ ಆವತ್ತು ನನ್ನನ್ನು ಕೇಳಿದ್ದರು. ಆ ಒಂದು ಮಾತನ್ನು ನಾನು ಮರಾಠಿಗೆ ತರಲಿಲ್ಲ, ಯಾರ ಮುಂದೆಯೂ ಮಾಡಿ ತೋರಿಸಿಲ್ಲ. ವೈನಿ ಅಂದದ್ದು ಇಷ್ಟೇ:

"ಏನಾಗೇದ ಅಂತ ಯಾರರ ಕೇಳಿದ್ರೇನ್ರಿ ಅತ್ತಿ, ನಿಮ್ಮನ್ನ?"